ನೋಡೋಣ ಎನ್ನುವವನು

ಅಂಗಿಯ ಕಾಲರಿಗೆ ಅಂಟಿಕೊಂಡಿದ್ದ ಬಿಳಿ ದಾರವನ್ನು ಅಮ್ಮ ಮೇಜಿನ ಆ ತುದಿಯಿಂದಲೇ ಕಂಡು, "ದೊಡ್ಡೋನೆ, ಕುತ್ತಿಗೆ ಹತ್ರ ದಾರ ಇದೆ ನೋಡು, ತೆಗಿ" ಎಂದಳು. ಅವನು ತೆಗೆದು ತಟ್ಟೆಯ ಪಕ್ಕಕ್ಕಿಟ್ಟ, ಅಷ್ಟೆ. ಚಹಾ ಆರುತ್ತಿತ್ತು. ಹೆಂಡತಿ ಒಲೆಯ ಮುಂದೆ ಬೆನ್ನು ಮಾಡಿ ನಿಂತುಕೊಂಡೇ, "ರೀ, ಮಧ್ಯಾಹ್ನ ನಾವು ಸ್ವಲ್ಪ ಹೊರಗೆ ಹೋಗ್ತೀವಿ" ಎಂದದ್ದಕ್ಕೂ ಹೂಂಗುಟ್ಟಿದ. ನಾವು ಎಂದರೆ ಯಾರು, ಹೊರಗೆ ಎಂದರೆ ಎಲ್ಲಿಗೆ ಎಂದು ಕೇಳಬೇಕೆನ್ನಿಸಲಿಲ್ಲ. ತಲೆಯಲ್ಲಿ ನಿನ್ನೆ ಸಂಜೆ ಸೂಜಿ ಆಡಿದ ಮಾತು ಬಂದು ಕೂತುಬಿಟ್ಟಿತ್ತು. ಸೂಜಿ ಎನ್ನುವುದು ಅವನ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದ ಹುಡುಗಿಗೆ ಪ್ರಯೋಗಾಲಯದ ಉಳಿದವರು ಇಟ್ಟ ಹೆಸರು. ಗಾಜಿನ ಕೊಳವೆಯನ್ನು ಕಾಯಿಸಿ ಎಳೆದು, ಕಣ್ಣಿಗೆ ಕಾಣದಷ್ಟು ಸಣ್ಣ ಮೊನೆ ಮಾಡುವುದರಲ್ಲಿ ಅವಳನ್ನು ಮೀರಿಸುವವರು ಅಲ್ಲಿ ಯಾರೂ ಇರಲಿಲ್ಲ. ಆ ಹೆಸರು ಅವಳ ಮಾತಿಗೂ ಒಪ್ಪುತ್ತದೆ ಎಂದು ಅವನಿಗೆ ಅನ್ನಿಸತೊಡಗಿದ್ದು ಈಚೆಗೆ. "ಸರ್, ನಾಳೆ ಬೆಳಿಗ್ಗೆ ನೀವು ನನ್ನ ಪಕ್ಕ ಕೂತು ನೋಡ್ಬೇಕು. ಆಮೇಲೆ ಚಿತ್ರದಲ್ಲಿ ಅಲ್ಲ, ನಡೀತಾ ಇರೋವಾಗ್ಲೇ" ಎಂದಿದ್ದಳು. ಅದರಲ್ಲಿ ಕೋರಿಕೆ ಇರಲಿಲ್ಲ, ಹಠವೂ ಇರಲಿಲ್ಲ. ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದವರಿಗೆ ಹೇಳುವ ಧಾಟಿಯಲ್ಲಿ ಹೇಳಿದ್ದಳು. ಆ ಧಾಟಿಯೇ ಅವನ ನಿದ್ದೆ ಕೆಡಿಸಿತ್ತು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಾಗ ಜೇಬಿನಲ್ಲಿ ಫೋನು ಗುನುಗಿತು. ಪ್ರಕಾಶಕರ ಕಡೆಯವನು. "ಸರ್, ಹೊಸ ಆವೃತ್ತಿಗೆ ಉಳಿದ ಅಧ್ಯಾಯ ಎಲ್ಲಾ ನೋಡಿ ಕಳಿಸಿದ್ದೀರಿ. ಮೂರನೇದು ಮಾತ್ರ ನಿಮ್ಮ ಹತ್ರಾನೇ ಉಳಿದಿದೆ. ಅದೊಂದು ಬಂದ್ರೆ ಅಚ್ಚಿಗೆ ಬಿಡಬಹುದಿತ್ತು." "ನೋಡೋಣ" ಎಂದು ಅವನು ಫೋನು ಇಟ್ಟ. ಪುಸ್ತಕ ಅವನದೇ. ನರಕೋಶದ ಬಗ್ಗೆ ಓದುವವರು ಯಾರೇ ಆಗಲಿ ಅದರ ಮೂರನೆಯ ಅಧ್ಯಾಯ ಓದದೆ ಪರೀಕ್ಷೆಗೆ ಕೂರುತ್ತಿರಲಿಲ್ಲ. ಕೋಶಕ್ಕೆ ನಡುವೆ ಒಂದು ಒಡಲು, ಅದರ ಸುತ್ತ ಎಲೆ ಉದುರಿದ ಮರದ ಹಾಗೆ ಹರಡಿಕೊಂಡ ರೆಂಬೆಗಳು. ಬೇರೆ ಕೋಶಗಳು ಕಳಿಸಿದ ಸುದ್ದಿ ಬಂದು ತಾಕುವುದು ಹೆಚ್ಚಾಗಿ ಈ ರೆಂಬೆಗಳನ್ನು. ತಾಕಿದಲ್ಲಿ ಚೂರು ವಿದ್ಯುತ್ತು ಏಳುತ್ತದೆ, ರೆಂಬೆಯುದ್ದಕ್ಕೂ ಸೋರಿಕೊಳ್ಳುತ್ತ ಒಡಲಿನ ಕಡೆಗೆ ಬರುತ್ತದೆ. ದೂರದ್ದು ಸವೆದು ಸಣ್ಣದಾಗಿ ತಲುಪುತ್ತದೆ, ಹತ್ತಿರದ್ದು ಅಷ್ಟಾಗಿ ಸವೆಯುವುದಿಲ್ಲ. ಒಡಲು ಎಲ್ಲವನ್ನೂ ಕೂಡಿಸಿಕೊಳ್ಳುತ್ತದೆ. ಮೊತ್ತ ಒಂದು ಮಟ್ಟ ದಾಟಿದರೆ ತಾನೂ ಮುಂದಿನವರಿಗೆ ಸುದ್ದಿ ಕಳಿಸುತ್ತದೆ, ದಾಟದಿದ್ದರೆ ಸುಮ್ಮನಿರುತ್ತದೆ. 'ರೆಂಬೆಗಳು ತರುತ್ತವೆ, ಒಡಲು ತೀರ್ಮಾನಿಸುತ್ತದೆ.' ಈ ಸಾಲನ್ನು ಅವನು ಬರೆದಾಗ ಅವನ ತಲೆಯಲ್ಲಿ ಒಂದೂ ಬಿಳಿಕೂದಲು ಇರಲಿಲ್ಲ. ಬರೆದ ಸಂಜೆ ಗೆಳೆಯರಿಗೆ ಊಟ ಹಾಕಿಸಿದ್ದ. ಈಗ ವಿದ್ಯಾರ್ಥಿಗಳು ಅದನ್ನು ಮಗ್ಗಿಯ ಹಾಗೆ ಒಪ್ಪಿಸುತ್ತಾರೆ. ರೆಂಬೆಗೆ ಕೊಟ್ಟ ತೂತು ಬಿದ್ದ ನೀರಿನ ಪೈಪಿನ ಹೋಲಿಕೆಯೂ ಅವನದೇ. ತಾನು ಹೀಗೆ ಪೈಪಿಗೆ ಹೋಲಿಸಿದ್ದರೂ, ಮಿದುಳನ್ನು ಊರಿಗೋ ಮನೆಗೋ ಕಚೇರಿಗೋ ಹೋಲಿಸಿ ಉತ್ತರ ಬರೆದವರಿಗೆ ಅವನು ಅಂಕ ಕತ್ತರಿಸುತ್ತಿದ್ದ. ಮನೆಯೆಂದರೆ ಮನೆ, ಕೋಶವೆಂದರೆ ಕೋಶ.

ಸೂಜಿ ಮೊದಲ ಸಲ ಕೋಶದ ವಿದ್ಯುತ್ತಿನ ಏರಿಳಿತದ ಗೆರೆಗಳನ್ನು ತಂದು ತೋರಿಸಿದ ದಿನ ಅವನು ಚಹಾ ಕುಡಿಯುತ್ತಿದ್ದ. ಒಂದೇ ರೆಂಬೆಯ ಮೇಲೆ ಅಕ್ಕಪಕ್ಕದಲ್ಲಿ ಒಟ್ಟಿಗೆ ತಾಕಿದ ಸುದ್ದಿಗಳು ಕೂಡಿಕೊಂಡು ಸುಮ್ಮನಾಗುತ್ತಿಲ್ಲ, ರೆಂಬೆಯೇ ಅಲ್ಲಲ್ಲೇ ಏನೋ ಒಂದು ನಿರ್ಧಾರಕ್ಕೆ ಬಂದ ಹಾಗಿದೆ ಎಂದಳು. ಅವನು ಲೋಟದಿಂದ ಕಣ್ಣೆತ್ತಿ, "ಸೂಜಿ ಚುಚ್ಚಿದ್ದಕ್ಕೆ ಕೋಶ ನೊಂದುಕೊಂಡಿರುತ್ತೆ" ಎಂದ. ಪಕ್ಕದಲ್ಲಿದ್ದವರು ಅವಳ ಹೆಸರಿನ ಮೇಲೆ ಮಾಡಿದ ಚೇಷ್ಟೆ ಎಂದುಕೊಂಡು ನಕ್ಕರು. ಅವನು ಚೇಷ್ಟೆ ಮಾಡಿರಲಿಲ್ಲ, ಆದರೆ ನಗುವನ್ನು ತಡೆಯಲೂ ಇಲ್ಲ. ಅವಳ ಮುಖ ಸಣ್ಣಗಾದದ್ದು ಕಂಡಿತ್ತು. ಎರಡನೆಯ ಸಲ, ಕೋಶ ಇಟ್ಟ ನೀರಿನ ಬಿಸಿ ಹೆಚ್ಚಾಗಿರಬೇಕು ಎಂದ. ಮೂರನೆಯ ಸಲ, ಬೆಳಕು ಹೆಚ್ಚಾಗಿರಬೇಕು ಎಂದ. ಆಮೇಲಾಮೇಲೆ ಕಾರಣ ಹುಡುಕುವ ಶ್ರಮವನ್ನೂ ಬಿಟ್ಟು ಬರೀ ನೋಡೋಣ ಎನ್ನತೊಡಗಿದ. ಅದು ಅವನ ಬಾಯಿಗೆ ಒಗ್ಗಿದ ಮಾತು. ಸ್ನಾನದಮನೆಯ ನಲ್ಲಿ ಬದಲಿಸುವುದಕ್ಕೂ ನೋಡೋಣ, ತಂಗಿ ಎಲ್ಲರೂ ಸೇರಿ ಒಂದು ಪ್ರವಾಸ ಹೋಗೋಣ ಎಂದದ್ದಕ್ಕೂ ನೋಡೋಣ, ಅಮ್ಮನ ಕಣ್ಣಿನ ಪೊರೆ ತೆಗೆಸುವುದಕ್ಕೂ ನೋಡೋಣ. ಇಲ್ಲ ಎಂದು ಹೇಳಿ ಯಾರನ್ನೂ ನೋಯಿಸಿದವನಲ್ಲ ತಾನು ಎಂದು ಅವನು ಒಳಗೊಳಗೇ ಹೆಮ್ಮೆಪಟ್ಟದ್ದೂ ಉಂಟು.

ಸೂಕ್ಷ್ಮದರ್ಶಕದ ಕೋಣೆಗೆ ಕಿಟಕಿ ಇಲ್ಲ. ಬಾಗಿಲಿಗೆ ಕಪ್ಪು ಪರದೆ. ನೆಲದ ಕಂಪನ ತಾಗದಿರಲೆಂದು ಗಾಳಿ ತುಂಬಿದ ಕಾಲುಗಳ ಮೇಲೆ ನಿಂತ ಭಾರದ ಮೇಜು, ಅದರ ಸುತ್ತ ತಂತಿಬಲೆಯ ಪಂಜರ, ಮೂಲೆಯಲ್ಲಿ ಉಪ್ಪುನೀರಿಗೆ ಆಮ್ಲಜನಕ ಬುಳುಬುಳು ಎನ್ನುವ ಸದ್ದು. ಇಲಿಯ ಮಿದುಳಿನಿಂದ ಕೊಯ್ದ ಒಂದು ತೆಳು ಪದರ ಆ ನೀರಿನಲ್ಲಿ ಇನ್ನೂ ಕೆಲವು ಗಂಟೆ ಬದುಕಿರುತ್ತದೆ. ಸೂಜಿ ಆಗಲೇ ಒಂದು ಕೋಶದ ಒಡಲಿಗೆ ಗಾಜಿನ ಮೊನೆ ಅಂಟಿಸಿ ಬಣ್ಣ ತುಂಬಿದ್ದಳು. ಕಂಪ್ಯೂಟರಿನ ಪರದೆಯ ಮೇಲೆ ಕೋಶ ಬೆಳಗುತ್ತಿತ್ತು. ಅವನು ಸ್ಟೂಲಿನ ಮೇಲೆ ಕೂತ. ಸ್ಟೂಲು ಗಿಡ್ಡದಾಯಿತು, ಮೊಣಕಾಲು ಎದೆಗೆ ಬಂತು. ಸರಿಮಾಡಿಕೊಳ್ಳಲು ಹಿಡಿ ಎಲ್ಲಿದೆಯೆಂದು ತಡಕಾಡಿದ, ಸಿಗಲಿಲ್ಲ. ಈ ಕೋಣೆಗೆ ತಾನು ಬಂದು ಎಷ್ಟು ವರ್ಷವಾಯಿತು ಎನ್ನುವುದು ಅವಳಿಗೆ ಗೊತ್ತಾಗದಿರಲಿ ಎಂದು ಹಾಗೇ ಕುಕ್ಕರಿಸಿದ ಹಾಗೆ ಕೂತ.

"ರೆಂಬೆ ನೀವೇ ಆರಿಸಿ ಸರ್."

ಅವನು ಬೇಕೆಂದೇ ಎಡಗಡೆ ಕೆಳಗಿನ ಒಂದು ಸಣಕಲು ರೆಂಬೆಯನ್ನು ತೋರಿಸಿದ.

"ಅದಾ? ಸ್ವಲ್ಪ ಬಡಕಲು. ಇರ್ಲಿ, ನೋಡೇ ಬಿಡೋಣ."

ನೀರಿನಲ್ಲಿ ಬೆರೆಸಿದ ರಾಸಾಯನಿಕ ಬೆಳಕು ಬಿದ್ದ ಬಿಂದುವಿನಲ್ಲಿ ಮಾತ್ರ ಬಿಚ್ಚಿಕೊಂಡು, ಬೇರೊಂದು ಕೋಶದಿಂದ ಸುದ್ದಿ ಬಂದ ಹಾಗೆಯೇ ರೆಂಬೆಯನ್ನು ತಾಕುವ ಏರ್ಪಾಟು ಅದು. ಅವಳು ರೆಂಬೆಯ ಮೇಲೆ ಒಂದು ಬಿಂದು ಇಟ್ಟಳು. ಪಕ್ಕದ ಪರದೆಯಲ್ಲಿ ಒಡಲಿನಿಂದ ಬರುತ್ತಿದ್ದ ಗೆರೆ ಚೂರು ಉಬ್ಬಿ ಇಳಿಯಿತು. ಎರಡು ಬಿಂದು, ಎರಡರಷ್ಟು ಉಬ್ಬು. ಮೂರು. ನಾಲ್ಕು. ಮುಂದಿನ ಉಬ್ಬು ಎಷ್ಟಿರಬೇಕೆಂದು ಅವನು ಕಣ್ಣುಮುಚ್ಚಿ ಬರೆಯಬಲ್ಲವನಾಗಿದ್ದ, ಅಷ್ಟೇ ಇತ್ತು. ಅವನ ಬೆನ್ನು ಸಡಿಲವಾಯಿತು. "ಇಲ್ಲಿ ತನಕ ನಿಮ್ಮ ಪುಸ್ತಕ ಸರ್" ಎಂದಳು ಅವಳು, ಕೊಂಕಿಲ್ಲದೆ. ಇನ್ನೊಂದು ಬಿಂದು ಸೇರಿಸಿದಳು. ಗೆರೆ ಉಬ್ಬುವ ಬದಲು ಎದ್ದು ನಿಂತಿತು. ಸಭೆಯಲ್ಲಿ ಮಾತಿಗೆ ಎದ್ದವರು ಮಾತು ಮುಗಿದ ಮೇಲೂ ಕೂರದೆ ನಿಂತೇ ಇರುವ ಹಾಗೆ ಮೇಲೆಯೇ ನಿಂತು, ಆಮೇಲೆ ನಿಧಾನವಾಗಿ ಇಳಿಯಿತು.

"ಸುಟ್ಟಿರುತ್ತೆ" ಎಂದ ಅವನು. ದನಿ ತನಗೇ ಅಪರಿಚಿತವೆನ್ನಿಸಿತು. "ಬೆಳಕು ಜಾಸ್ತಿಯಾಗಿ ರೆಂಬೆ ಸುಟ್ಟಿರುತ್ತೆ."

"ಅಷ್ಟೇ ಬೆಳಕು, ಅಷ್ಟೇ ಬಿಂದು. ಬೇರೆ ಬೇರೆ ರೆಂಬೆ ಮೇಲೆ ಹಂಚಿ ಹಾಕ್ತೀನಿ, ನೋಡಿ."

ಹಂಚಿ ಹಾಕಿದಾಗ ಬರೀ ಮೊತ್ತ ಬಂತು. ಮತ್ತೆ ಒಂದೇ ರೆಂಬೆಗೆ ಹಾಕಿದಳು, ಎದ್ದು ನಿಂತಿತು. ಎಲ್ಲವೂ ಒಂದೇ ಗಳಿಗೆಯಲ್ಲಿ ಬೀಳುವ ಬದಲು ಬಿಡಿಬಿಡಿಯಾಗಿ, ಸಾವಕಾಶವಾಗಿ ಬೀಳುವಂತೆ ಮಾಡಿದಳು, ಆಗ ಏನೂ ಆಗಲಿಲ್ಲ. ರೆಂಬೆಯ ತುದಿಯಿಂದ ಒಡಲಿನ ಕಡೆಗೆ ಒಂದರ ಹಿಂದೊಂದು ಬೇಗಬೇಗ ಬಿದ್ದರೆ ಹೆಚ್ಚು, ಒಡಲಿನಿಂದ ತುದಿಯ ಕಡೆಗೆ ಬಿದ್ದರೆ ಕಡಿಮೆ. ಅಂದರೆ ಎಷ್ಟು ಬಂತು ಎನ್ನುವುದಲ್ಲದೆ ಯಾರು ಯಾರ ಪಕ್ಕದಲ್ಲಿ, ಯಾರು ಮೊದಲು ಬಂದರು ಎನ್ನುವುದೂ ಆ ಬಡಕಲು ರೆಂಬೆಗೆ ಬೇಕಾಗಿತ್ತು. "ಈಗ ಔಷಧಿ ಬಿಡ್ತೀನಿ. ಇದು ರೆಂಬೆಯಲ್ಲಿರೋ ಒಂದು ಬಗೆಯ ಬಾಗಿಲು ಮಾತ್ರ ಮುಚ್ಚುತ್ತೆ" ಎಂದು ಅವಳು ನೀರಿನ ಕೊಳವೆ ಬದಲಿಸಿದಳು. ಗೆರೆ ಎದ್ದು ನಿಲ್ಲುವುದು ತಪ್ಪಿತು. ಸಣ್ಣ ಉಬ್ಬು ಮಾತ್ರ ಉಳಿಯಿತು. ಮತ್ತೆ ಬರೀ ಉಪ್ಪುನೀರು ಹರಿಸಿ, ಔಷಧಿ ತೊಳೆದುಹೋಗಲಿ ಎಂದು ಇಬ್ಬರೂ ಕತ್ತಲಲ್ಲಿ ಕಾಯುತ್ತ ಕೂತರು.

ತೊಳೆದುಹೋದ ಮೇಲೂ ಅದು ವಾಪಸು ಬರದಿರಲಿ ಎಂದು ತಾನು ಹಾರೈಸುತ್ತಿದ್ದೇನೆ ಎನ್ನುವುದು ಅವನಿಗೆ ಆ ಹೊತ್ತಿನಲ್ಲಿ ಹೊಳೆಯಿತು. ವರ್ಷಗಳ ಹಿಂದೆ ಆಸ್ಪತ್ರೆಯ ಮೊಗಸಾಲೆಯಲ್ಲಿ ಕೂತು ಯಾವುದೋ ಬಾಗಿಲು ತೆರೆಯುವುದನ್ನೇ ಕಾಯುತ್ತಿದ್ದವನೂ ತಾನೇ. ಅಂದು ಹಾರೈಸಿದ್ದು ಅಪ್ಪ ವಾಪಸು ಬರಲಿ ಎಂದು. ಅಪ್ಪನದು ಸಣ್ಣ ಆಪರೇಷನ್ನು, ಅಂಥದ್ದಕ್ಕೆ ಯಾರೂ ಹೆದರುವುದಿಲ್ಲ. ವೈದ್ಯರು ಮೊಗಸಾಲೆಯಲ್ಲಿ ನಡೆಯುತ್ತ ನಡೆಯುತ್ತಲೇ, "ಇವತ್ತೇ ಮಾಡಿಬಿಡೋಣವೇ?" ಎಂದು ಕೇಳಿದರು. ಅಮ್ಮ ಅವನ ಮುಖ ನೋಡಿದಳು, ತಂಗಿ ಅವನ ಮುಖ ನೋಡಿದಳು. ಅವನಿಗೆ ಮಾರನೆಯ ದಿನ ಪಾಠವಿತ್ತು. "ಆಗಲಿ" ಎಂದ. ಅಷ್ಟು ಬೇಗ, ಅಷ್ಟು ಹಗುರವಾಗಿ ಅವನು ಅದಾದ ಮೇಲೆ ಯಾವುದಕ್ಕೂ ಆಗಲಿ ಎಂದಿಲ್ಲ. ಅಪ್ಪನಿಗೆ ಎಚ್ಚರವಾಗಲೇ ಇಲ್ಲ. ಯಾರೂ ಅವನನ್ನು ಒಂದು ಮಾತು ಅಂದವರಲ್ಲ. ಯಾರದೂ ತಪ್ಪಿಲ್ಲ ಎಂದು ವೈದ್ಯರೇ ಹೇಳಿದರು. ಅಪ್ಪನ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಮನೆಗೆ ಬಂದದ್ದು, ಅದನ್ನು ಎಲ್ಲಿಡಬೇಕೆಂದು ತೋಚದೆ ಹಜಾರದಲ್ಲಿ ನಿಂತೇ ಇದ್ದದ್ದು...

"ಬಂತು ಸರ್" ಎಂದಳು ಸೂಜಿ.

ಗೆರೆ ಎದ್ದು ನಿಂತಿತ್ತು. ಅವಳು ಇನ್ನೊಮ್ಮೆ ಮಾಡಿದಳು. ಇನ್ನೊಮ್ಮೆಯೂ ಎದ್ದು ನಿಂತಿತು. "ಸುಟ್ಟಿದ್ದು ವಾಪಸ್ ಬರಲ್ಲ" ಎಂದು ಸಣ್ಣ ದನಿಯಲ್ಲಿ ಹೇಳಿ, ಹೇಳಬಾರದಿತ್ತೇನೋ ಎಂಬಂತೆ ಗುಂಡಿಗಳ ಕಡೆ ತಿರುಗಿಕೊಂಡಳು. ಅವನಿಗೆ ಸಂಶಯ ಉಳಿದಿರಲಿಲ್ಲ. ನಿಜವೆನ್ನುವುದು ತಿಳಿದುಬಿಟ್ಟಿತ್ತು, ಆಪ್ತರ ಹೆಜ್ಜೆ ಸದ್ದು ತಿಳಿಯುವ ಹಾಗೆ. ಆದರೆ ಬಾಯಿ ತನ್ನ ಪಾಡಿಗೆ ತಾನು, "ನೋಡೋಣ" ಎಂದಿತು.

ಅವಳು ದೀಪ ಹಾಕಿದಳು. ಇಬ್ಬರೂ ಕಣ್ಣು ಕಿರಿದು ಮಾಡಿಕೊಂಡರು. ತೊಟ್ಟಿಯ ಹತ್ತಿರ ಹೋಗಿ ಕೈ ತೊಳೆಯುತ್ತ, "ಸರ್, ಇದೆಲ್ಲಾ ನಾನು ಬರೆದು ಮುಗಿಸಿದ್ದೀನಿ. ಈ ವಾರ ಪತ್ರಿಕೆಗೆ ಕಳಿಸ್ತೀನಿ" ಎಂದಳು. "ಕಳಿಸ್ಲಾ ಬೇಡ್ವಾ ಅಂತ ಕೇಳ್ತಾ ಇಲ್ಲ. ನಿಮ್ಮ ಹೆಸರು ಹಾಕ್ಲಾ ಬೇಡ್ವಾ ಅನ್ನೋದಷ್ಟೇ ಬಾಕಿ."

"ಯಾರನ್ನ ಕೇಳಿ ತೀರ್ಮಾನ ಮಾಡ್ದೆ?"

"ನಿಮ್ಮನ್ನೇ ಕೇಳ್ದೆ. ಎಷ್ಟು ಸಲ ಕೇಳ್ದೆ. ನೀವು ಬೇಡ ಅಂದಿದ್ರೆ ಜಗಳ ಆಡ್ಬಹುದಿತ್ತು, ಹೂಂ ಅಂದಿದ್ರೆ ಬರೀಬಹುದಿತ್ತು. ನೋಡೋಣ ಅಂದ್ರೆ ನಾನು ಏನು ಮಾಡ್ಲಿ ಹೇಳಿ." ಅವಳು ಕೈ ಒರೆಸಿಕೊಂಡಳು. ಕಣ್ಣಲ್ಲಿ ನೀರೇನೂ ಇರಲಿಲ್ಲ, ಇದ್ದಿದ್ದರೆ ಅವನಿಗೆ ಸುಲಭವಾಗುತ್ತಿತ್ತು. "ನಿಮ್ಮ ಮೇಲೆ ಕೋಪ ಇಲ್ಲ ಸರ್. ನಿಮ್ಮ ಪುಸ್ತಕ ಓದಿಯೇ ನಾನು ಈ ಕಡೆ ಬಂದದ್ದು."

ಅವನು ಎದ್ದ. ಮೊಣಕಾಲು ಜೋಮು ಹಿಡಿದು, ತಂತಿಬಲೆಯ ಪಂಜರಕ್ಕೆ ಭುಜ ತಾಗಿ ಇಡೀ ಮೇಜು ಗಾಳಿಯ ಕಾಲುಗಳ ಮೇಲೆ ತೂಗಿತು. ಪರದೆಯ ಗೆರೆ ಒಮ್ಮೆ ಹುಚ್ಚೆದ್ದು ಕುಣಿದು ಚಪ್ಪಟೆಯಾಯಿತು. ಕೋಶ ಹೋಯಿತು. "ಪರವಾಗಿಲ್ಲ ಸರ್, ಬೇಕಾದ್ದೆಲ್ಲಾ ಆಗಿತ್ತು" ಎಂದಳು ಅವಳು. ಆ ಪರವಾಗಿಲ್ಲವನ್ನು ಹೊತ್ತುಕೊಂಡು ಅವನು ಮೆಟ್ಟಿಲಿಳಿದ. ತನ್ನ ಕೋಣೆಗೆ ಹೋಗಲು ಮನಸ್ಸಾಗದೆ, ತಲೆನೋವು ಎಂದು ಎದುರು ಸಿಕ್ಕವರೊಬ್ಬರಿಗೆ ಹೇಳಿ ಮನೆಯ ಬಸ್ಸು ಹತ್ತಿದ.

ಮನೆಗೆ ಬೀಗ ಹಾಕಿತ್ತು. ಅವನ ಬಳಿ ಬೀಗದ ಕೈ ಇರಲಿಲ್ಲ, ಎಂದೂ ಇಟ್ಟುಕೊಂಡವನಲ್ಲ. ಅವನು ಬಂದಾಗ ಯಾರಾದರೂ ಬಾಗಿಲು ತೆರೆಯುತ್ತಾರೆ ಎನ್ನುವುದು ಸೂರ್ಯ ಮೂಡುತ್ತಾನೆ ಎನ್ನುವಷ್ಟೇ ಖಾತ್ರಿಯ ವಿಷಯವಾಗಿತ್ತು. ಎರಡು ಸಲ ಬೆಲ್ಲು ಒತ್ತಿ, ಒತ್ತಿದ್ದಕ್ಕೆ ತಾನೇ ನಾಚಿ, ಮೆಟ್ಟಿಲ ಮೇಲೆ ಕೂತ. ಮಹಡಿಯ ಮನೆಯಾಕೆ ಕುಂಡಗಳಿಗೆ ನೀರು ಹಾಕುತ್ತಿದ್ದವಳು ಮೇಲಿನಿಂದಲೇ ಬಗ್ಗಿ, "ಅವರೆಲ್ಲಾ ತಪಾಸಣೆಗೆ ಅಂತ ಕಣ್ಣಿನ ಆಸ್ಪತ್ರೆಗೆ ಹೋದ್ರಲ್ಲ, ನಿಮಗೆ ಹೇಳಿರ್ಲಿಲ್ವಾ?" ಎಂದಳು.

"ಹೇಳಿದ್ರು, ಹೇಳಿದ್ರು" ಎಂದ.

"ಪರವಾಗಿಲ್ಲಪ್ಪ, ನಿಮ್ಮ ತಾಯಿಗೆ ಎರಡೂ ಕಣ್ಣು ಎಷ್ಟು ಚೆನ್ನಾಗಿ ಆಯ್ತು. ಮೊನ್ನೆ ನನ್ನ ಸೀರೆ ಅಂಚಿನ ಬಣ್ಣ ಕೆಳಗಿನಿಂದಲೇ ಹೇಳಿದ್ರು. ನಮ್ಮತ್ತೆಗೂ ಅಲ್ಲೇ ಮಾಡ್ಸೋಣ ಅಂತಿದ್ದೀವಿ. ಡಾಕ್ಟರು ಹೇಗೆ, ನಿಧಾನಸ್ಥರಾ?"

"ಹೂಂ, ನಿಧಾನಸ್ಥರು" ಎಂದು ಅವನು ತನಗೆ ಮುಖಪರಿಚಯವೂ ಇಲ್ಲದ ವೈದ್ಯರಿಗೆ ಒಳ್ಳೆಯ ಮಾತು ಕೊಟ್ಟ. ಆಕೆ ಒಳಗೆ ಹೋದ ಮೇಲೆ ಅವನ ಕಿವಿ ಬಿಸಿಯಾಗಿತ್ತು. ಎರಡೂ ಕಣ್ಣು. ಯಾವಾಗ? ಮೇಜಿನ ಆ ತುದಿಯಿಂದ ಕಾಲರಿನ ದಾರ ಕಂಡದ್ದು. ಅಮ್ಮನ ಮೂಗಿನ ಮೇಲೆ ದಪ್ಪ ಕನ್ನಡಕ ಇರಲಿಲ್ಲ, ಬೆಳಿಗ್ಗೆ ಇರಲಿಲ್ಲ, ನಿನ್ನೆ ಇರಲಿಲ್ಲ, ಎಂದಿನಿಂದ ಇಲ್ಲ? ಒಂದಿಷ್ಟು ದಿನ ಅವಳು ಮನೆಯೊಳಗೇ ಕಪ್ಪು ಕನ್ನಡಕ ಹಾಕಿಕೊಂಡು ಊಟಕ್ಕೆ ಕೂರುತ್ತಿದ್ದಳು. ಅವನು ಅದನ್ನು ಕಂಡಿದ್ದ. ದೀಪ ಕುಕ್ಕುತ್ತದೇನೋ ಎಂದುಕೊಂಡು ಸಾರಿಗೆ ಕೈ ಚಾಚಿದ್ದ. ಹೆಂಡತಿ ದಿನಕ್ಕೆ ನಾಲ್ಕಾರು ಸಲ ಅಮ್ಮನ ತಲೆ ಹಿಂದಕ್ಕೆ ಬಾಗಿಸಿ ಕಣ್ಣಿಗೆ ಹನಿ ಬಿಡುತ್ತಿದ್ದದ್ದನ್ನೂ ಬಾಗಿಲ ಸಂದಿಯಿಂದ ಕಂಡಿದ್ದ. ತಂಗಿ ಬ್ಯಾಂಕಿಗೆ ರಜೆ ಹಾಕಿ ವಾರದ ನಡುವೆ ಬಂದು ಉಳಿದದ್ದು. ಒಂದೊಂದೂ ಕಂಡಿತ್ತು, ಒಂದೊಂದಕ್ಕೂ ತಲೆಯಾಡಿಸಿ ಮುಂದೆ ಹೋಗಿದ್ದ. ಸೆಕೆಂಡಿನ ಸಾವಿರದಲ್ಲೊಂದು ಪಾಲಿನಲ್ಲಿ ಮೂಡಿ ಮರೆಯಾಗುವ ಉಬ್ಬನ್ನು ಅಳೆದು ಹೆಸರು ಮಾಡಿದವನು.

ಬಾಡಿಗೆ ಕಾರು ಬಂದು ನಿಂತಿತು. ಮುಂದಿನ ಸೀಟಿನಿಂದ ಅಮ್ಮ ಯಾರ ಕೈಯೂ ಹಿಡಿಯದೆ ಇಳಿದಳು. ಹಿಂದಿನಿಂದ ಹೆಂಡತಿ ಮತ್ತು ತಂಗಿ ಏನಕ್ಕೋ ನಗುತ್ತ ಇಳಿದವರು ಅವನನ್ನು ಕಂಡು ನಗು ನಿಲ್ಲಿಸಿದರು.

"ಯಾಕ್ರೀ ಇಷ್ಟು ಬೇಗ? ಮೈ ಸರಿ ಇಲ್ವಾ?"

"ಬಾಗಿಲು ತೆಗಿ."

ಎಲ್ಲರೂ ಒಳಗೆ ಹೋಗಿ ಕೂತರು. ಅವನೇ, "ಯಾವಾಗ ಮಾಡಿಸಿದ್ದು?" ಎಂದ.

ತಂಗಿ ಅತ್ತಿಗೆಯ ಮುಖ ನೋಡಿದಳು. "ಮೊದಲನೇದು ನೀನು ಸಮ್ಮೇಳನಕ್ಕೆ ಹೋಗಿದ್ಯಲ್ಲ ಅಣ್ಣ, ಆಗ. ನಾನು ಬಂದಿದ್ದು ಅದಕ್ಕೇ."

"ಎರಡನೇದು?"

"ನೀವು ಊರಲ್ಲೇ ಇದ್ರಿ" ಎಂದಳು ಹೆಂಡತಿ. "ಬೆಳಿಗ್ಗೆ ನೀವು ಹೊರಟ ಮೇಲೆ ಹೋದ್ವಿ, ಸಂಜೆ ನೀವು ಬರೋ ಹೊತ್ತಿಗೆ ಬಂದಿದ್ವಿ. ಅತ್ತೆಗೆ ಕಣ್ಣಿಗೆ ಪಟ್ಟಿ ಇತ್ತು. ನೀವು ಏನಾಯ್ತು ಅಂತ ಕೇಳಿದ್ರೆ ಹೇಳ್ಬೇಕು ಅಂತಲೇ ಕೂತಿದ್ದೆ. ನೀವು ಕೇಳ್ಲಿಲ್ಲ."

"ಅಂದ್ರೆ ನನ್ನನ್ನ ಪರೀಕ್ಷೆ ಮಾಡಿದ್ರಾ?"

"ಪರೀಕ್ಷೆ ಎಂಥದ್ದು. ಮೊದಲು ಭಯ ಆಗಿತ್ತು. ಆಮೇಲೆ ನಗು ಬಂತು. ಆಮೇಲೆ ಸ್ವಲ್ಪ ಬೇಜಾರಾಯ್ತು" ಎಂದಳು ಅವಳು, ಒಗೆದ ಬಟ್ಟೆಯ ಲೆಕ್ಕ ಒಪ್ಪಿಸುವಷ್ಟು ಸಲೀಸಾಗಿ. "ಅತ್ತೆ ಮೆಟ್ಟಿಲಲ್ಲಿ ಎಡವಿದ್ದು ನಾನು ಕಂಡಿದ್ದೆ, ನಿಮಗೆ ಹೇಳಿದೆ. ಗ್ಯಾಸು ಹತ್ತಿದೆಯೋ ಇಲ್ವೋ ಕಾಣ್ದೆ ಕೈ ಇಟ್ಟದ್ದು ಇವಳು ಕಂಡಿದ್ಳು, ಇವಳೂ ನಿಮಗೇ ಹೇಳಿದ್ಳು. ನೀವು ಇಬ್ಬರಿಗೂ ನೋಡೋಣ ಅಂದ್ರಿ. ಒಂದಿನ ನಾವಿಬ್ರೇ ಕೂತು ಮಾತಾಡ್ತಾ ಇದ್ವಿ, ಅತ್ತೇನೂ ಇದ್ರು. ಒಬ್ಬೊಬ್ಬರೂ ಕಂಡದ್ದೆಲ್ಲಾ ಒಂದೇ ಸಲ ಹೊರಗೆ ಬಂತು. ಮರುಗಳಿಗೆಗೇ ಇವಳು ಆಸ್ಪತ್ರೆಗೆ ಫೋನು ಮಾಡಿದ್ಳು. ಅಷ್ಟೇ ಆಗಿದ್ದು."

"ಏನಾದ್ರೂ ಹೆಚ್ಚುಕಮ್ಮಿ ಆಗಿದ್ರೆ?"

ಆ ಮಾತಿಗೆ ಉತ್ತರ ಹೇಳಿದ್ದು ಅಮ್ಮ. ಅಲ್ಲಿಯವರೆಗೆ ಅವಳು ಕುರ್ಚಿಯಲ್ಲಿ ನೆಟ್ಟಗೆ ಕೂತು ಅವನನ್ನೇ ನೋಡುತ್ತಿದ್ದಳು. "ಆಗಿದ್ರೆ ಆಗಿರೋದು. ನನ್ನ ಕಣ್ಣು, ನಾನು ಹೂಂ ಅಂದೆ. ನಿಮ್ಮಪ್ಪಂದೂ ಹಾಗೇ, ಅವರೇ ನನ್ನ ಹತ್ರ ಹಿಂದಿನ ರಾತ್ರಿ ಮಾಡಿಸ್ಕೊಂಡುಬಿಡ್ತೀನಿ ಅಂತ ಹೇಳಿದ್ರು. ನೀನು ಆಗಲಿ ಅಂದಿದ್ದಕ್ಕೆ ಅಲ್ಲ ಅವರು ಹೋಗಿದ್ದು. ನೀನು ಬೇಡ ಅಂದಿದ್ರೂ ಅವರು ಕೇಳೋರಲ್ಲ."

ಇಷ್ಟು ವರ್ಷ ಅವನು ಯಾರಿಗೂ ತಿಳಿಯದ ಹಾಗೆ ಹೊತ್ತುಕೊಂಡು ತಿರುಗಿದ್ದನ್ನು ಅವಳು ಅಲ್ಲೇ ಕುರ್ಚಿಯ ಪಕ್ಕದಲ್ಲಿದ್ದ ಚೀಲದ ಹಾಗೆ ಎತ್ತಿ ಬದಿಗಿಟ್ಟಿದ್ದಳು. ಹಗುರವಾಗಬೇಕಿತ್ತು. ಹಗುರವಾಯಿತೋ, ಅಥವಾ ತನ್ನ ಪಾಪವೂ ತನ್ನದಾಗಿರಲಿಲ್ಲ ಎನ್ನುವ ಇನ್ನೊಂದು ಬಗೆಯ ಅವಮಾನವೋ, ಅವನಿಗೆ ಬಿಡಿಸಿ ನೋಡಲಾಗಲಿಲ್ಲ. ಎಲ್ಲ ತನ್ನಿಂದಲೇ ಆದದ್ದು ಎಂದುಕೊಳ್ಳುವುದರಲ್ಲಿ ಒಂದು ಠೀವಿ ಇತ್ತು. ತಾನು ಆಗಲಿ ಎಂದದ್ದಕ್ಕೆ ಅಪ್ಪ ಹೋದ, ತಾನು ನೋಡೋಣ ಎಂದದ್ದಕ್ಕೆ ಉಳಿದವರೆಲ್ಲ ಸುರಕ್ಷಿತವಾಗಿದ್ದಾರೆ. ಈ ಲೆಕ್ಕ ಯಾರೂ ಅವನಿಗೆ ಹಾಕಿಕೊಟ್ಟದ್ದಲ್ಲ. ತಂಗಿ ಚಹಾ ತಂದಿಟ್ಟಳು. ಹೆಂಡತಿ ಫ್ಯಾನು ಹಾಕಿದಳು. ಅಮ್ಮ ಮಾತ್ರ ಅವನ ಮುಖದಿಂದ ಕಣ್ಣು ತೆಗೆಯಲೇ ಇಲ್ಲ.

"ಏನಮ್ಮ, ಹಾಗೆ ನೋಡ್ತೀಯಾ?"

"ಏನಿಲ್ಲ. ನಿನಗೆ ಇಷ್ಟು ವಯಸ್ಸಾಗಿದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ."

ತಂಗಿ ನಗು ತಡೆಯಲಾರದೆ ಅಡುಗೆಮನೆಗೆ ಓಡಿದಳು. ಅವನಿಗೂ ನಗು ಬಂತು, ಬಂದದ್ದು ಅರ್ಧಕ್ಕೇ ನಿಂತಿತು. ಅಮ್ಮನ ಕಣ್ಣುಗಳನ್ನು ಅವನು ಆಗ ನೋಡಿದ. ಬೂದು ಮುಸುಕು ಹೋಗಿ ಕರಿಯ ಗುಡ್ಡೆಯಲ್ಲಿ ಕಿಟಕಿಯ ಚೌಕ ಕಾಣುತ್ತಿತ್ತು. ಎಡಗಣ್ಣಿನ ರೆಪ್ಪೆಯ ಕೆಳಗೆ ಒಂದು ಸಣ್ಣ ಮಚ್ಚೆ. ದಪ್ಪ ಗಾಜಿನ ಹಿಂದೆ ಇದ್ದದ್ದೋ, ತಾನೇ ಮರೆತದ್ದೋ.

ಬಿಸಿಲು ಇನ್ನೂ ಇರುವಾಗಲೇ ಅವನು ಹಿತ್ತಲಿಗೆ ಹೋಗಿ ಪ್ರಕಾಶಕರ ಕಡೆಯವನಿಗೆ ಫೋನು ಮಾಡಿದ. ಮೂರನೆಯ ಅಧ್ಯಾಯ ಈಗ ಅಚ್ಚಿಗೆ ಬೇಡ ಎಂದ.

"ತಪ್ಪೇನಾದ್ರೂ ಇದೆಯಾ ಸರ್?"

"ಇದೆ."

"ದೊಡ್ಡ ತಪ್ಪಾ? ಒಂದೆರಡು ಸಾಲಿನದಾದ್ರೆ ನಾನೇ ಸರಿಮಾಡಿಕೊಳ್ತೀನಿ."

ಅವನು ಯೋಚಿಸಿದ. ಪೈಪು ಸೋರುವುದು ಸುಳ್ಳಲ್ಲ. ಹಂಚಿ ಬಂದದ್ದನ್ನು ಒಡಲು ಕೂಡಿಸುವುದೂ ಸುಳ್ಳಲ್ಲ, ಇವತ್ತೇ ಕಣ್ಣಾರೆ ಕಂಡಿದ್ದ. "ಅರ್ಧ ಸರಿ ಇದೆ. ಆ ಅರ್ಧ ಎಲ್ಲಿಗೆ ಮುಗಿಯುತ್ತೆ ಅನ್ನೋದು ನನಗಿನ್ನೂ ಗೊತ್ತಿಲ್ಲ. ಪುಸ್ತಕ ತಡವಾದ್ರೆ ಆಗಲಿ" ಎಂದ. ಹೇಳಿ ಮುಗಿಸಿದ ಮೇಲೆ, ಆ ಆಗಲಿ ಎಲ್ಲಿಂದ ಬಂತು ಎಂದು ತಾನೇ ತಬ್ಬಿಬ್ಬಾಗಿ ಒಗೆದ ಬಟ್ಟೆಗಳ ನಡುವೆ ಸ್ವಲ್ಪ ಹೊತ್ತು ನಿಂತ.

ಮಾರನೆಯ ದಿನ ಸೂಜಿ ಬರುವ ಮೊದಲೇ ಅವನು ಸೂಕ್ಷ್ಮದರ್ಶಕದ ಕೋಣೆಯ ಹೊರಗೆ ನಿಂತಿದ್ದ. ಅವಳು ಕೈಯಲ್ಲಿ ಉಪ್ಪುನೀರಿನ ಸೀಸೆ ಹಿಡಿದು ಬಂದಳು, ಜಗಳಕ್ಕೆ ಸಿದ್ಧಳಾಗಿಯೇ ಬಂದಿದ್ದಳೆನ್ನುವುದು ಅವಳ ಭುಜದಲ್ಲಿ ಕಾಣುತ್ತಿತ್ತು.

"ನನ್ನ ಹೆಸರು ಹಾಕ್ಬೇಡ" ಎಂದ ಅವನು. ಅವಳು ಬಾಯಿ ತೆರೆಯುವ ಮೊದಲೇ ಮುಂದುವರಿದ. "ಕೋಪಕ್ಕೆ ಅಲ್ಲ. ನಾನು ಕೆಲಸ ಮಾಡಿಲ್ಲ, ಅಡ್ಡಗಾಲು ಹಾಕಿದ್ದೀನಿ. ಅದಕ್ಕೆ ಹೆಸರು ಹಾಕೋ ಪದ್ಧತಿ ಇಲ್ಲ. ನಿನ್ನ ಗೆರೆ ಸರಿ ಇದೆ. ಮೊದಲನೇ ದಿನವೂ ಸರಿಯಾಗೇ ಇತ್ತು. ಅವತ್ತು ನಕ್ಕರಲ್ಲ, ಆಗ ನಾನು ಸುಮ್ಮನಿರಬಾರದಿತ್ತು."

ಅವಳು ಸೀಸೆಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು. "ನೀವು ಮರೆತಿರ್ತೀರಿ ಅಂದ್ಕೊಂಡಿದ್ದೆ." ಪರದೆ ಸರಿಸುತ್ತ ಅಂದಳು, "ಇನ್ನೂ ಒಂದು ಬಾಕಿ ಇದೆ ಸರ್. ಒಡಲಿನಿಂದ ಕೇಳಿದ್ದು ಸಾಲದು. ರೆಂಬೆಗೇ ನೇರವಾಗಿ ಮೊನೆ ಅಂಟಿಸಿ ಕೇಳ್ಬೇಕು ಅಂತ ಯಾರಾದ್ರೂ ಕೇಳೇ ಕೇಳ್ತಾರೆ. ಅಷ್ಟು ಸಣ್ಣದಕ್ಕೆ ಒಬ್ಬಳ ಕೈ ಸಾಲೋದಿಲ್ಲ. ಒಬ್ಬರು ಮೊನೆ ನಡೆಸ್ಬೇಕು, ಒಬ್ಬರು ಅದರ ಹಿಂದಿನ ಕೊಳವೆ ಬಾಯಲ್ಲಿಟ್ಟು ಮೊನೆ ಅಂಟೋ ಹಾಗೆ ಉಸಿರು ಎಳೀಬೇಕು."

"ನಾನು ಎಳೀಲಾ?"

"ಬರುತ್ತಾ?" ಎಂದು ಕೇಳಿಬಿಟ್ಟು, "ಅಂದ್ರೆ, ಬಿಟ್ಟು ತುಂಬಾ ದಿನ ಆಗಿರ್ಬೇಕು" ಎಂದಳು.

ಮೊದಲ ಗಾಜಿನ ಮೊನೆಯನ್ನು ಅವನು ಹಿಡಿಕೆಗೆ ಸಿಕ್ಕಿಸುವಾಗಲೇ ಮುರಿದ. ಎರಡನೆಯದು ಅಂಟಲಿಲ್ಲ, ಅವನು ರೆಂಬೆ ಹರಿಯುವಷ್ಟು ಜೋರಾಗಿ ಉಸಿರು ಎಳೆದಿದ್ದ. ಸೂಜಿ ಹೊಸ ಗಾಜು ಕಾಯಿಸಿ ಎಳೆದು ತಂದಳು. ಮಧ್ಯಾಹ್ನ ದಾಟಿತು. ಹೊಟ್ಟೆ ಹಸಿದದ್ದು ಇಬ್ಬರಿಗೂ ಗೊತ್ತಿತ್ತು, ಯಾರೂ ಹೇಳಲಿಲ್ಲ. ಮತ್ತೊಂದು ಪದರ, ಮತ್ತೊಂದು ಕೋಶ. ಪರದೆಯ ಮೇಲೆ ಮೊನೆ ರೆಂಬೆಯ ಹತ್ತಿರ ಹತ್ತಿರ ಹೋಯಿತು, ರೆಂಬೆಯ ಗೋಡೆ ಸಣ್ಣಗೆ ಗುಳಿಬಿದ್ದಿತು. "ಈಗ" ಎಂದಳು. ರಬ್ಬರಿನ ಕೊಳವೆ ಅವನ ತುಟಿಗಳ ನಡುವೆ ಇತ್ತು. ಅವನು ಎಳೆದ, ಚಹಾ ಬಿಸಿ ಇದೆಯೋ ಎಂದು ತುಟಿಗೆ ತಾಗಿಸಿ ನೋಡುವಷ್ಟು. "ಇನ್ನೂ ಸ್ವಲ್ಪ. ನಿಧಾನ. ಇನ್ನೂ ಸ್ವಲ್ಪ." ಗೆರೆಯ ಗದ್ದಲ ಕಡಿಮೆಯಾಗುತ್ತ ಬಂತು, ಗಾಜೂ ರೆಂಬೆಯೂ ಒಂದನ್ನೊಂದು ಹಿಡಿಯುತ್ತಿದ್ದವು. "ಸಾಕು" ಎಂದಳು. ಅವನು ನಿಲ್ಲಿಸಿದ. ಗೆರೆ ಪರದೆಯ ಈ ಅಂಚಿನಿಂದ ಆ ಅಂಚಿನವರೆಗೆ ಸಮನಾಗಿ ಮಲಗಿತು. ಅವಳು ಅಂಕಿಗಳನ್ನು ಓದಿಕೊಂಡಳು, ಗುಂಡಿಯೊಂದನ್ನು ಅರ್ಧ ತಿರುಗಿಸಿದಳು, ಮತ್ತೆ ಓದಿಕೊಂಡಳು. ಅವನು ಕೊಳವೆಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಎದೆ ತುಂಬಿದ್ದನ್ನು ಹಾಗೇ ಹಿಡಿದುಕೊಂಡು, ಅವಳ ಮುಖವನ್ನೇ ನೋಡುತ್ತ ಕೂತಿದ್ದ.

"ಇನ್ನು ಉಸಿರು ಬಿಡಬಹುದು ಸರ್" ಎಂದಳು.

ಬಿಟ್ಟ.